ಸರ್ವರ್ ಇಲ್ಲ ಅಂತೆ ಕಣಪ್ಪ

2024ರ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ. ಟೀಮಿನ ಸ್ಟ್ಯಾಂಡಪ್ ಮೀಟಿಂಗ್ ನಡೀತಾ ಇತ್ತು, ಊರಿಂದ ಅವ್ವನ ಫೋನು. ಕಟ್ ಮಾಡಿದೆ. ಮತ್ತೆ ಬಂತು. ಎರಡು ಸಲ ಮಾಡಿದರೆ ಏನೋ ಇರಬೇಕು ಅಂತ ಮೀಟಿಂಗ್ ಮ್ಯೂಟ್ ಮಾಡಿ ಎತ್ತಿದೆ.

"ಇವತ್ತೂ ಸರ್ವರ್ ಇಲ್ಲ ಅಂತೆ ಕಣಪ್ಪ. ಸೋಮವಾರ ಬನ್ನಿ ಅಂದ್ರು. ನಿನ್ನ ಆಫೀಸಲ್ಲೂ ಸರ್ವರ್ ಇರುತ್ತಲ್ಲ, ನೀನೊಂದು ಮಾತು ಹೇಳಿದ್ರೆ ಆಗಲ್ವಾ?"

ನಗು ಬಂತು, ಹಿಂದೆಯೇ ನಾಚಿಕೆಯೂ ಆಯ್ತು. ಅವ್ವ ಬಸ್ಸಿಳಿದು ನಾಡಕಚೇರಿ ಮುಂದೆ ನಿಂತಿದ್ದು ಅದು ಮೂರನೇ ಸಲ. ನಮ್ಮ ಕಡೆ ಈಗ ಸರ್ವರ್ ಅನ್ನೋದು ಮಳೆ ಇದ್ದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾಕೆ ಬರಲಿಲ್ಲ ಅಂತ ಯಾರನ್ನೂ ಕೇಳುವ ಹಾಗಿಲ್ಲ. ಮಳೆಗಾದರೆ ಕಪ್ಪೆ ಮದುವೆ ಮಾಡಿಸ್ತಾರೆ, ಸರ್ವರಿಗೆ ಏನು ಮಾಡಿಸೋದು?

ಅವ್ವ ಹೋಗಿದ್ದು ಪೌತಿ ಖಾತೆಗೆ. ಪಟ್ಟಣದಲ್ಲೇ ಹುಟ್ಟಿ ಬೆಳೆದವರಿಗಾಗಿ ಹೇಳ್ತೀನಿ: ಜಮೀನಿನ ಒಡೆಯ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ ಪೌತಿ ಖಾತೆ ಅಂತಾರೆ. ನಮ್ಮ ಮನೆಯಲ್ಲಿ ಅದು ಆಗಿರಲಿಲ್ಲ. ತಾತ ಹೋಗಿ ಮೂವತ್ತು ವರ್ಷ ಆಗಿತ್ತು, ಅಪ್ಪ ಹೋಗಿ ಎಂಟು ವರ್ಷ. ಪಹಣಿಯಲ್ಲಿ ಮಾತ್ರ ತಾತ ಇನ್ನೂ ಗಟ್ಟಿಮುಟ್ಟಾಗಿದ್ದರು. ಅಪ್ಪನಾಗಲಿ ಚಿಕ್ಕಪ್ಪನಾಗಲಿ ತಲೆ ಕೆಡಿಸಿಕೊಂಡಿರಲಿಲ್ಲ. "ನಮ್ಮ ಹೊಲ ನಾವು ಉಳ್ತಾ ಇದೀವಿ, ಯಾರು ಕೇಳ್ತಾರೆ?" ಅನ್ನೋ ಧೈರ್ಯ. ಹಳ್ಳಿಗಳಲ್ಲಿ ಇದೇನೂ ಅಪರೂಪ ಅಲ್ಲ.

ಕೇಳುವವರು ಬಂದಿದ್ದು 2023ರಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ನಮ್ಮ ಕಡಲೆಕಾಯಿ ಹೊಲದಲ್ಲಿ ಬಳ್ಳಿ ಕಿತ್ತರೆ ಬರೀ ಬೇರು ಬರ್ತಾ ಇತ್ತು. ಕೇಂದ್ರದ ಹಣ ಬರುವ ಮುಂಚೆ ರಾಜ್ಯ ಸರ್ಕಾರ ಮೊದಲ ಕಂತು ಅಂತ ರೈತರಿಗೆ 2,000 ರೂಪಾಯಿವರೆಗೆ ಪರಿಹಾರ ಘೋಷಿಸಿತು. ಹಣ ಹೋಗಿದ್ದು ಫ್ರೂಟ್ಸ್ ಅನ್ನೋ ತಂತ್ರಾಂಶದಲ್ಲಿ ನೋಂದಣಿಯಾಗಿ, ಎಫ್‌ಐಡಿ ನಂಬರ್ ಇದ್ದ ರೈತರಿಗೆ. ಆ ನಂಬರಿಗೆ ಜಮೀನು ಸೇರಿಸಬೇಕಾದರೆ ಪಹಣಿಯಲ್ಲಿ ನಿಮ್ಮ ಹೆಸರಿರಬೇಕು. ಅವ್ವನ ಹೆಸರು ಇರಲಿಲ್ಲ. ತಾತನಿಗೆ ಆಧಾರ್ ಇರಲಿಲ್ಲ. ಪಕ್ಕದ ಹೊಲದವರ ಮೊಬೈಲಿಗೆ ಟಣ್ ಅಂತ ಮೆಸೇಜ್ ಬಂತು, ನಮಗೆ ಬರಲಿಲ್ಲ.

ಇದರಲ್ಲೊಂದು ತಮಾಷೆ ಇದೆ. ಕರ್ನಾಟಕದಲ್ಲಿ ಹಲವು ವರ್ಷಗಳಿಂದ ಬೆಳೆ ಸಮೀಕ್ಷೆ ಆ್ಯಪ್ ಇದೆ. ಊರಿನ ಹುಡುಗನೊಬ್ಬ ಮೊಬೈಲ್ ಹಿಡಿದು ಪ್ರತಿ ಸರ್ವೆ ನಂಬರಿಗೂ ಹೋಗಿ, ಹೊಲದೊಳಗೇ ನಿಂತು ಬೆಳೆಯ ಫೋಟೋ ತೆಗೆದು ಕಳಿಸ್ತಾನೆ. ಅಂದರೆ ನಮ್ಮ ಹೊಲದಲ್ಲಿದ್ದದ್ದು ಕಡಲೆಕಾಯಿ ಅಂತ ಸರ್ಕಾರಕ್ಕೆ ಅಕ್ಷಾಂಶ ರೇಖಾಂಶ ಸಮೇತ ಗೊತ್ತಿತ್ತು. ಅದನ್ನು ಬಿತ್ತಿದ ಹೆಂಗಸು ಯಾರು ಅನ್ನೋದೊಂದೇ ಗೊತ್ತಿರಲಿಲ್ಲ. ಪಹಣಿಯಲ್ಲಿ 9ನೇ ಕಾಲಂ ಒಡೆಯನದು, 12ನೇ ಕಾಲಂ ಉಳುವವರದು ಮತ್ತು ಬೆಳೆಯದು. ನೆಲ ಒಬ್ಬನದಾಗಿ ಬೆವರು ಇನ್ನೊಬ್ಬನದಾಗಿರಬಹುದು ಅಂತ ಕಾಗದದ ಕಾಲದವರಿಗೇ ಹೊಳೆದು ಅದಕ್ಕೊಂದು ಕಾಲಂ ಇಟ್ಟಿದ್ದರು. ಹಣ ಹಾಕುವ ಹೊತ್ತಿಗೆ ನಾವು ಒಡೆಯನನ್ನು ಮಾತ್ರ ಓದಿದೆವು.

ಇಷ್ಟು ಓದಿ, ಇವನು ಕಂಪ್ಯೂಟರ್ ಬೇಡ ಅನ್ನೋ ಪೈಕಿ ಅಂದುಕೊಳ್ಳಬೇಡಿ. ನಾನು ಅನ್ನ ತಿನ್ನೋದೇ ಅದರಿಂದ. ಅದೂ ಅಲ್ಲದೆ, ಆಡಳಿತಕ್ಕೆ ತಂತ್ರಜ್ಞಾನ ತಂದಿದ್ದರಲ್ಲಿ ಈ ರಾಜ್ಯ ಹೆಮ್ಮೆಪಡುವಂಥ ಕೆಲಸ ಮಾಡಿದೆ. 'ಭೂಮಿ' ಯೋಜನೆಯನ್ನೇ ನೋಡಿ. ಅದಕ್ಕೂ ಮುಂಚೆ ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹ. ಪುಸ್ತಕ ಅವರ ಬ್ಯಾಗಿನಲ್ಲಿ, ಬ್ಯಾಗು ಅವರ ಮನೆಯಲ್ಲಿ. ಸಾಲಕ್ಕೆ ಪಹಣಿ ಬೇಕು ಅಂದರೆ ಅವರು ಸಿಗುವವರೆಗೆ ಕಾಯಬೇಕು, ಸಿಕ್ಕ ಮೇಲೆ ಕೈ ಬಿಸಿ ಮಾಡಬೇಕು. 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತಲೂ ಮಾಡಿದರು. ಎರಡೂ ನಡೆಯಲಿ ಅಂತ ಬಿಟ್ಟಿದ್ದರೆ ಹಳೆಯದೇ ಗೆಲ್ಲುತ್ತಿತ್ತು.

ಭೂಮಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಸರತಿ. ಖಾತೆ ಬದಲಾವಣೆಯ ಅರ್ಜಿ ಮೊದಲು ಬಂದದ್ದು ಮೊದಲು ಅನ್ನೋ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಿದ್ದರು. ಗೌಡರ ಅರ್ಜಿ ಮುಂದೆ, ಬಡವನದು ಹಿಂದೆ ಅಂತ ದಾಟಿಸಲು ಅಧಿಕಾರಿಗೂ ದಾರಿ ಇಲ್ಲ. ಕೆಲಸ ಮಾಡುವವರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ಏನು ತಿದ್ದಿದರು ಅನ್ನೋದು ಉಳಿಯುತ್ತೆ. ನಾವು ಎರಡನೇ ಸೆಮಿಸ್ಟರಿನಲ್ಲಿ 'ಕ್ಯೂ' ಅಂತ ಉರು ಹೊಡೆದು ಪರೀಕ್ಷೆಯಲ್ಲಿ ಬರೆದು ಮರೆತ ಪಾಠವನ್ನು, ಕಂದಾಯ ಇಲಾಖೆಯವರು ಜಾತಿ ವಶೀಲಿಗಳ ನಡುವೆ ತಂದು ನಿಲ್ಲಿಸಿದ್ದರು. ತಂತ್ರಜ್ಞಾನ ರಾಜಕೀಯಕ್ಕೆ ಏನು ಮಾಡಬಹುದು ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ಇದನ್ನೇ ಹೇಳೋದು.

ಹಾಗಾದರೆ ತಪ್ಪಿದ್ದೆಲ್ಲಿ? ಭೂಮಿ ಬಂದಾಗ ಕೇಳಿದ ಪ್ರಶ್ನೆ, "ಈ ರೈತನಿಗೂ ಅವನ ಪಹಣಿಗೂ ಮಧ್ಯೆ ಅಡ್ಡ ನಿಂತಿರೋರು ಯಾರು?" ಅಂತ. ಈಗ ಬರುವ ತಂತ್ರಾಂಶಗಳು ಕೇಳುವ ಪ್ರಶ್ನೆ ಬೇರೆ: "ಈ ಮನುಷ್ಯ ನಿಜವಾಗಲೂ ಅವನೇನಾ?" ಮೊದಲನೆಯದರಲ್ಲಿ ಅನುಮಾನ ಅಧಿಕಾರಿಯ ಮೇಲಿತ್ತು. ಎರಡನೆಯದರಲ್ಲಿ ಅರ್ಜಿದಾರನ ಮೇಲೆ.

ಗ್ಯಾರಂಟಿ ಯೋಜನೆಗಳನ್ನು ಬಿಟ್ಟಿ ಭಾಗ್ಯ ಅಂತ ಬೈಯುವವರು, ಹೊಗಳುವವರು ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬೇಕಾದಷ್ಟಿದ್ದಾರೆ. ಆ ಜಗಳ ಬಿಟ್ಟು ಬರೀ ವಿನ್ಯಾಸದ ಕಣ್ಣಿಂದ ಎರಡು ಯೋಜನೆ ನೋಡೋಣ.

ಶಕ್ತಿ ಶುರುವಾಗಿದ್ದು 2023ರ ಜೂನ್ 11ಕ್ಕೆ. ಸೇವಾ ಸಿಂಧು ಮೂಲಕ ಅರ್ಜಿ ತಗೊಂಡು ಸ್ಮಾರ್ಟ್ ಕಾರ್ಡ್ ಕೊಡ್ತೀವಿ ಅಂದಿದ್ದರು. ಆದರೆ ಕಾರ್ಡಿಗೆ ಕಾಯದೆ, ಫೋಟೋ ಮತ್ತು ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾಕು ಅಂತ ಬಸ್ ಹತ್ತಿಸಿಬಿಟ್ಟರು. ಕಂಡಕ್ಟರ್ ಕಣ್ಣಾಡಿಸಿ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ. ಅರ್ಜಿ ಇಲ್ಲ, ಓಟಿಪಿ ಇಲ್ಲ, ಬ್ಯಾಂಕಿಲ್ಲ, ಹೆಸರು ಹೊಂದಿಸೋದಿಲ್ಲ. ಪಕ್ಕದ ರಾಜ್ಯದ ಹೆಂಗಸೊಬ್ಬರು ಎಲ್ಲೋ ಒಂದು ಸಲ ಪುಕ್ಕಟೆ ಹೋಗಿರಬಹುದು. ಹೋದರೆ ಹೋಗಲಿ, ಹತ್ತು ಇಪ್ಪತ್ತು ರೂಪಾಯಿ. ಅವ್ವನಿಗೆ ಸರ್ಕಾರದ ಯೋಜನೆಯೊಂದು ಮೊದಲ ದಿನವೇ ಸಿಕ್ಕಿದ್ದು ಇದೊಂದೇ. ನಾಡಕಚೇರಿಗೆ ಮೂರು ಸಲ ವೃಥಾ ಹೋಗಿ ಬಂದದ್ದೂ ಶೂನ್ಯ ಟಿಕೆಟ್ಟಿನಲ್ಲೇ ಅನ್ನೋದು ಬೇರೆ ಮಾತು.

ಗೃಹಲಕ್ಷ್ಮಿ ಇದರ ಉಲ್ಟಾ. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಗೆ. ಯಜಮಾನಿ ಯಾರು? ರೇಷನ್ ಕಾರ್ಡ್ ಹೇಳಬೇಕು. ಕಾರ್ಡಿನಲ್ಲಿ ತೀರಿಹೋದ ಅತ್ತೆಯ ಹೆಸರಿದ್ದರೆ ಮೊದಲು ತಿದ್ದುಪಡಿ. ಆಮೇಲೆ ಇ-ಕೆವೈಸಿ. ಆಮೇಲೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಒಂದಕ್ಕಿಂತ ಹೆಚ್ಚು ಖಾತೆ ಇದ್ದರೆ, ಆಧಾರ್ ಮೂಲಕ ಬರುವ ಹಣ ಕೊನೆಗೆ ಜೋಡಣೆಯಾದ ಖಾತೆಗೆ ಹೋಗುತ್ತೆ. ಅದು ಯಾವುದು ಅಂತ ಹಳ್ಳಿಯ ಹೆಂಗಸಿಗೆ ಹೇಳೋರು ಯಾರು? ಒಂದೊಂದು ಹೆಜ್ಜೆಯೂ ಬೇರೆ ಇಲಾಖೆ, ಬೇರೆ ದತ್ತಾಂಶ. ನಮ್ಮ ಲೆಕ್ಕದಲ್ಲೇ ಹೇಳೋದಾದರೆ, ಐದು ವ್ಯವಸ್ಥೆಗಳು ಸಾಲಾಗಿದ್ದು ಒಂದೊಂದೂ ನೂರಕ್ಕೆ 98 ಜನರನ್ನು ಸರಿಯಾಗಿ ದಾಟಿಸಿದರೂ ಕೊನೆ ಮುಟ್ಟೋದು 90 ಜನ. ಆ ಹತ್ತು ಜನ ಯಾರಿರಬಹುದು? ವಿಧವೆಯರು, ಗಂಡ ಬಿಟ್ಟವರು, ವಲಸೆ ಹೋದವರು, ಬೆರಳು ಸವೆದ ಮುದುಕಿಯರು. ಕಾಗದ ಪತ್ರ ಸರಿ ಇಲ್ಲದವರೇ ಹಣ ಹೆಚ್ಚು ಬೇಕಾದವರೂ ಆಗಿರ್ತಾರೆ.

ಇನ್ನು ಹೆಸರಿನ ಕತೆ. ತಿಮ್ಮಪ್ಪ ಅಂತಲೇ ಇಟ್ಟುಕೊಳ್ಳಿ. ಪಹಣಿಯಲ್ಲಿ ಅವರು 'ತಿಮ್ಮಪ್ಪ ಬಿನ್ ರಂಗಪ್ಪ'. ರೇಷನ್ ಕಾರ್ಡಿನಲ್ಲಿ ಬರೀ 'ತಿಮ್ಮಪ್ಪ'. ಬ್ಯಾಂಕಿನಲ್ಲಿ 'ತಿಮ್ಮಪ್ಪ ಆರ್'. ಆಧಾರಿನಲ್ಲಿ 'ಆರ್ ತಿಮ್ಮಪ್ಪ'. ಇಂಗ್ಲಿಷಿನಲ್ಲಿ ಬರೆದರೆ ಒಂದು ಕಡೆ 'ಟಿ' ಪಕ್ಕ 'ಎಚ್' ಇದೆ, ಇನ್ನೊಂದು ಕಡೆ ಇಲ್ಲ. ಒಂದರಲ್ಲಿ 'ಅಪ್ಪ' ಬೇರೆ ಪದವಾಗಿ ನಿಂತಿದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಯಂತ್ರ ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ತಿಮ್ಮಪ್ಪ ಥಿಮ್ಮಪ್ಪ ಆಗಿರ್ತಾರೆ. ಊರಿನವರಿಗೆಲ್ಲ ಇವರೊಬ್ಬರೇ. ಕಂಪ್ಯೂಟರಿಗೆ ಐದು ಜನ. ಮೂಲ ದಾಖಲೆ ಕನ್ನಡದಲ್ಲಿದೆ, ಮನುಷ್ಯ ಕನ್ನಡದವನು, 1963ರಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ ಅಂತ ಕಾಯ್ದೆಯೇ ಇದೆ. ಆದರೂ ಅವನ ಹೆಸರಿನ ಸರಿ ತಪ್ಪು ತೀರ್ಮಾನ ಆಗೋದು ಇಂಗ್ಲಿಷ್ ಕಾಗುಣಿತದಲ್ಲಿ. ಕನ್ನಡದಲ್ಲಿ ಆಡಳಿತ ಅಂದರೆ ಬೋರ್ಡು ಮತ್ತು ಬಟನ್ ಕನ್ನಡದಲ್ಲಿ ಇರೋದು ಅಂತ ನಾವು ತಿಳಿದಿದ್ದೇವೆ. ನಿಜವಾದ ಕನ್ನಡ ಇರಬೇಕಾದದ್ದು ಹೆಸರು ಹೋಲಿಸುವ ಆ ಹತ್ತು ಸಾಲು ಕೋಡಿನಲ್ಲಿ.

ಅವ್ವನ ನಾಲ್ಕನೇ ಸಲಕ್ಕೆ ನಾನೇ ರಜೆ ಹಾಕಿ ಹೋದೆ. ಆವತ್ತು ಸರ್ವರ್ ಇತ್ತು. ತಾತನ ಮರಣ ಪ್ರಮಾಣಪತ್ರ ಇರಲಿಲ್ಲ. ಆಗ ಯಾರೂ ಮಾಡಿಸಿರಲಿಲ್ಲ. ಸತ್ತು ವರ್ಷ ದಾಟಿದ ಮೇಲೆ ಸಾವನ್ನು ನೋಂದಾಯಿಸಬೇಕಾದರೆ ಮೇಲಿನವರ ಆದೇಶ ಬೇಕು. ಅಂದರೆ ತಾತ ಸತ್ತಿದ್ದಾರೆ ಅಂತ ಮೊದಲು ಸಾಬೀತು ಮಾಡಿ, ಆಮೇಲೆ ಅವ್ವ ಬದುಕಿದ್ದಾಳೆ ಅಂತ ಸಾಬೀತು ಮಾಡಬೇಕು. ಇದನ್ನು ನನಗೆ ಬಿಡಿಸಿ ಹೇಳಿದ್ದು ಕಚೇರಿಯವರಲ್ಲ. ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ. ವಂಶವೃಕ್ಷಕ್ಕೆ ಏನು ಬೇಕು, ನೋಟರಿ ಯಾರು, ಫೈಲ್ ಎಷ್ಟು ಕೆಬಿ ಮೀರಿದರೆ ಅಪ್‌ಲೋಡ್ ಆಗಲ್ಲ, ಎಷ್ಟು ಹೊತ್ತಿಗೆ ಸೈಟ್ ಹಗುರ ಇರುತ್ತೆ, ಎಲ್ಲ ಅವನಿಗೆ ಬಾಯಿಪಾಠ. ಬಿ.ಇ. ಮಾಡಿ ಹದಿಮೂರು ವರ್ಷ ಕೋಡ್ ಬರೆದ ನಾನು ಅವನ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ವಿದ್ಯಾರ್ಥಿ ತರ ಕೂತಿದ್ದೆ. ಕೆಲಸಕ್ಕೆ ಇನ್ನೂರು ರೂಪಾಯಿ ತಗೊಂಡ. ಕೊಟ್ಟದ್ದಕ್ಕೆ ಬೇಜಾರೂ ಆಗಲಿಲ್ಲ.

ತಂತ್ರಜ್ಞಾನ ಬಂದರೆ ಮಧ್ಯವರ್ತಿ ಹೋಗ್ತಾನೆ ಅಂತ ಪ್ರತಿ ಉದ್ಘಾಟನೆಯಲ್ಲೂ ಮಂತ್ರಿಗಳು ಭಾಷಣ ಮಾಡ್ತಾರೆ, ಯಾವ ಪಕ್ಷದವರೇ ಇರಲಿ. ಮಧ್ಯವರ್ತಿ ಎಲ್ಲೂ ಹೋಗಿಲ್ಲ. ಕಚೇರಿ ಒಳಗಿನ ಟೇಬಲ್ಲಿಂದ ಎದುರಿನ ಜೆರಾಕ್ಸ್ ಅಂಗಡಿಗೆ ಬಂದಿದ್ದಾನೆ. ಈತ ಮೊದಲಿನವನಿಗಿಂತ ಒಳ್ಳೆಯವನು, ಇವನ ಪಕ್ಕ ಇನ್ನೊಂದು ಅಂಗಡಿಯೂ ಇದೆ, ಹಾಗಾಗಿ ದರ ಮಿತಿಯಲ್ಲಿದೆ. ಆದರೆ ಸರ್ಕಾರದ ತಂತ್ರಾಂಶ ಯಾರಿಗಾಗಿ ಮಾಡಿದ್ದೋ ಅವರು ಅದನ್ನು ಬಳಸಲಾರರು, ಇವನೊಬ್ಬನೇ ಬಳಸಬಲ್ಲ ಅಂದಮೇಲೆ ಅದು ಯಾರ ಸೋಲು?

ಸಕಾಲ ಇದೆಯಲ್ಲ ಅಂತ ಕೇಳಬಹುದು. ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ಇಷ್ಟು ದಿನದಲ್ಲಿ ಕೆಲಸ ಆಗಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ತತ್ವವಾಗಿ ದೊಡ್ಡದು. ಅಧಿಕಾರಿಯ ತಲೆ ಮೇಲೆ ಗಡಿಯಾರ ಇಟ್ಟ ಕಾಯ್ದೆ ಅದು. ಆದರೆ ಐಟಿ ಕಂಪನಿಯಲ್ಲಿರುವ ನಿಮಗೆ ಎಸ್‌ಎಲ್‌ಎ ಅಂದರೆ ಗೊತ್ತಲ್ಲ. ಗಡುವು ಹತ್ತಿರ ಬಂದಾಗ ಟಿಕೆಟ್ಟಿಗೆ ಏನು ಮಾಡ್ತೀವಿ? "ಹೆಚ್ಚಿನ ಮಾಹಿತಿ ಬೇಕು" ಅಂತ ಬರೆದು ವಾಪಸ್ ತಳ್ತೀವಿ, ಇಲ್ಲಾ ಕ್ಲೋಸ್ ಮಾಡ್ತೀವಿ. ಅಲ್ಲೂ ಅಷ್ಟೇ. ಗಡುವಿನೊಳಗೆ ತಿರಸ್ಕರಿಸಿದರೂ ಅದು ವಿಲೇವಾರಿಯೇ. ಅರ್ಜಿಯನ್ನೇ ತಗೊಳ್ಳದಿದ್ದರೆ ಗಡಿಯಾರ ಓಡುವುದೇ ಇಲ್ಲ. "ಸರ್ವರ್ ಇಲ್ಲ" ಅನ್ನೋ ಮಾತಿನ ಬಲ ಇರೋದು ಇಲ್ಲಿಯೇ. ಅವ್ವ ಮೂರು ಸಲ ಬಂದು ಹೋದದ್ದು ಯಾವ ಲೆಕ್ಕದಲ್ಲೂ ಇಲ್ಲ. ಸರ್ಕಾರದ ಪಾಲಿಗೆ ಅವಳು ಬಂದೇ ಇಲ್ಲ.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರದೇಶದ ಗ್ರಾಹಕರೊಬ್ಬರಿಗೆ ನೋಂದಣಿ ಫಾರಂ ಬರೆದಿದ್ದೆ. ಮೊದಲ ಹೆಸರು, ಕೊನೆ ಹೆಸರು, ಎರಡೂ ಕಡ್ಡಾಯ. ನಮ್ಮ ಮನೆಯಲ್ಲಿ ಯಾರಿಗೂ ಕೊನೆ ಹೆಸರಿಲ್ಲ. ಇನಿಷಿಯಲ್ ಇದೆ ಅಷ್ಟೆ. ನನ್ನ ಪಾಸ್‌ಪೋರ್ಟಿಗೇ ಈ ತಾಪತ್ರಯ ಆಗಿತ್ತು. ಆದರೂ ಬರೆಯುವಾಗ ನೆನಪಾಗಲಿಲ್ಲ. ಟೆಸ್ಟಿಂಗಿನಲ್ಲಿ ಒಬ್ಬರು ಈ ವಿಷಯ ಎತ್ತಿದಾಗ "ಹೇಳಿದ ಹಾಗೇ ಕೆಲಸ ಮಾಡ್ತಿದೆ" ಅಂತ ಷರಾ ಬರೆದು ಮುಚ್ಚಿದೆ. ನಾಡಕಚೇರಿ ಕಿಟಕಿಯಲ್ಲಿ ಅವ್ವನಿಗೆ ಸಿಕ್ಕ ಉತ್ತರವೂ ಹೆಚ್ಚುಕಮ್ಮಿ ಅದೇ. ಕಿಟಕಿಯೊಳಗೆ ಕೂತವರು ದುಷ್ಟರಲ್ಲ. ಒಪ್ಪಲ್ಲ ಅನ್ನುವ ಒಂದು ಪರದೆ ಅವರ ಮುಂದಿದೆ. ಆ ಪರದೆ ಬರೆದವನು ನನ್ನಂಥವನೇ, ನಿಮ್ಮಂಥವನೇ.

ಪರಿಶೀಲನೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಸುಳ್ಳು ವಂಶವೃಕ್ಷ ತಂದು ಅಣ್ಣತಮ್ಮಂದಿರ ಜಮೀನು ಹೊಡೆದವರ ಕತೆ ಪ್ರತಿ ಊರಲ್ಲೂ ಇದೆ. ಖಾತೆ ಬದಲಾವಣೆಗೆ ಬಿಗಿ ಇರಲೇಬೇಕು, ಅಲ್ಲಿ ತಪ್ಪಾದರೆ ಸರಿಪಡಿಸಲು ಕೋರ್ಟಿನಲ್ಲಿ ಒಂದು ತಲೆಮಾರು ಹೋಗುತ್ತೆ. ಆದರೆ ಬರ ಬಿದ್ದ ವರ್ಷ 2,000 ರೂಪಾಯಿ ಕೊಡಲು ಅದೇ ಬಿಗಿ ಯಾಕೆ? ತಪ್ಪಾಗಿ ಒಬ್ಬನಿಗೆ ಹೋದರೆ ಆಗುವ ನಷ್ಟಕ್ಕಿಂತ ತಪ್ಪಾಗಿ ಒಬ್ಬಳಿಗೆ ತಪ್ಪಿದರೆ ಆಗುವ ನಷ್ಟ ದೊಡ್ಡದು ಅನ್ನೋ ಕಡೆ ಕೈ ಸಡಿಲ ಬಿಡಬೇಕು. ಶಕ್ತಿಯಲ್ಲಿ ಇದೇ ಆಯ್ತು, ಪ್ರಳಯ ಏನೂ ಆಗಲಿಲ್ಲ.

ಮಾಡಬೇಕಾದದ್ದು ರಾಕೆಟ್ ವಿಜ್ಞಾನವಲ್ಲ. ಸರ್ವರ್ ಇಲ್ಲದ ದಿನ ಅರ್ಜಿಯನ್ನು ಕಾಗದದಲ್ಲೇ ತಗೊಂಡು ತಾರೀಕು ಹಾಕಿದ ಚೀಟಿ ಕೊಡಲಿ, ಸಕಾಲದ ಗಡಿಯಾರ ಆವತ್ತಿಂದಲೇ ಓಡಲಿ. ತಿರಸ್ಕರಿಸಿದರೆ ಯಾಕೆ, ಯಾರನ್ನು ನೋಡಬೇಕು, ಏನು ತರಬೇಕು ಅಂತ ಎರಡು ಸಾಲು ಕನ್ನಡದಲ್ಲಿ ಬರೆದು ಕೊಡಲಿ. ಒಂದು ಕಡೆ ಹೆಸರು ತಿದ್ದಿದರೆ ಉಳಿದ ಇಲಾಖೆಗಳಿಗೂ ಅದು ತಾನಾಗಿ ಹೋಗಲಿ. ಆಧಾರ್ ನಂಬರ್ ಎಲ್ಲ ಕಡೆ ಕೊಟ್ಟಮೇಲೆ ಅಷ್ಟಾದರೂ ಲಾಭ ಬೇಡವೇ? ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಜನಕ್ಕೆ ತಲುಪಿತು ಅನ್ನೋ ಪಕ್ಕದಲ್ಲೇ, ಎಷ್ಟು ಜನ ಎಲ್ಲಿ ಸಿಕ್ಕಿಕೊಂಡಿದ್ದಾರೆ ಅನ್ನೋದನ್ನೂ ತೋರಿಸಲಿ. ಹೊಸ ತಂತ್ರಾಂಶವನ್ನು ವಿಧಾನಸೌಧದ ಮೆಟ್ಟಿಲ ಮೇಲೆ ಉದ್ಘಾಟಿಸುವ ಮುಂಚೆ, ಬರೆದವರನ್ನು ಒಂದು ವಾರ ಯಾವುದಾದರೂ ಹೋಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಲಿ.

ಇದು ಹಳ್ಳಿಯವರ ಪಾಡು, ನಮಗೇನು ಅಂದುಕೊಂಡವರು ಬೆಂಗಳೂರಿನಲ್ಲಿ ಇ-ಖಾತೆಗೆ ಓಡಾಡಿದವರನ್ನು ಒಮ್ಮೆ ಕೇಳಿ. ಕ್ರಯಪತ್ರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಏನಾಗುತ್ತೆ ಅಂತ ಅವರು ಹೇಳ್ತಾರೆ. ವ್ಯತ್ಯಾಸ ಇಷ್ಟೇ: ನಮಗೆ ಟ್ವೀಟ್ ಮಾಡಲು ಬರುತ್ತೆ, ಒಂದು ದಿನ ವರ್ಕ್ ಫ್ರಂ ಹೋಮ್ ಹಾಕಿದರೆ ಸಂಬಳ ಹೋಗಲ್ಲ.

ನಮ್ಮ ಪೌತಿ ಖಾತೆ ಕೊನೆಗೂ ಆಯ್ತು, ಹದಿನಾರು ತಿಂಗಳಿಗೆ. 9ನೇ ಕಾಲಂನಲ್ಲಿ ಈಗ ಅವ್ವ, ನಾನು, ತಂಗಿ, ಚಿಕ್ಕಪ್ಪ ಇದ್ದೀವಿ. ಆ ಬರದ ಪರಿಹಾರ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಪಹಣಿಯ ಪ್ರಿಂಟು ತಗೊಂಡು ಊರಿಗೆ ಹೋಗಿ ಅವ್ವನಿಗೆ ಹೆಸರು ತೋರಿಸಿದೆ. ಅವಳು ಎರಡನೇ ಕ್ಲಾಸು ಓದಿದವಳು. ಅಕ್ಷರ ಕೂಡಿಸಿಕೊಂಡು ಓದಿ, ಬೆರಳಿಟ್ಟು, "ಇಲ್ಲೊಂದು ಒತ್ತು ತಪ್ಪಿದೆ ಕಣಪ್ಪ" ಅಂದಳು.

ನೋಡಿದೆ. ಹೌದು, ತಪ್ಪಿತ್ತು. ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ.